ಪ್ರಾಸ್ಟೇಟ್ ಕ್ಯಾನ್ಸರಿನ ಇಂಜೆಕ್ಷನ್‌ನಿಂದ ಕೊಲೆಸ್ಟ್ರಾಲ್ ಏರುತ್ತದೆಯೇ?

ಕುಂಬಳೆಯ ನಿಮ್ಮ ತಂದೆಗೆ ಮೂರು ತಿಂಗಳಿಗೊಮ್ಮೆ ಲ್ಯೂಪ್ರೊಲೈಡ್ ಇಂಜೆಕ್ಷನ್ ಶುರುವಾದ ಮೇಲೆ ಕೊಲೆಸ್ಟ್ರಾಲ್ ಏರಿದೆ, ಊಟ ಮಾತ್ರ ಹಳೆಯದೇ ಎಂದಿದ್ದೀರಿ. ಹೌದು, ಇಂಜೆಕ್ಷನ್ ಕಾರಣವಾಗಿರಬಹುದು.

ಈ ಮದ್ದು ಟೆಸ್ಟೋಸ್ಟೆರಾನ್ ಅನ್ನು ತೀರಾ ಇಳಿಸುತ್ತದೆ. ಆಗ ಸ್ನಾಯು ಕರಗಿ ಕೊಬ್ಬು ಕೂಡುತ್ತದೆ, ಇನ್ಸುಲಿನ್‌ಗೆ ದೇಹ ಸರಿಯಾಗಿ ಓಗೊಡುವುದಿಲ್ಲ, ಯಕೃತ್ತು ಹೆಚ್ಚು ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) ಹೊರಬಿಡುತ್ತದೆ. ಇದೇ ಮದ್ದು ಪಡೆದವರ ಬಗ್ಗೆ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 48 ವಾರಗಳಲ್ಲಿ ಒಟ್ಟು ಕೊಲೆಸ್ಟ್ರಾಲ್ ಸುಮಾರು ಶೇ. 9, ಎಲ್‌ಡಿಎಲ್ (‘ಕೆಟ್ಟ ಕೊಲೆಸ್ಟ್ರಾಲ್’) ಶೇ. 7, ಟ್ರೈಗ್ಲಿಸರೈಡ್ ಶೇ. 26ರಷ್ಟು ಏರಿದ್ದವು. ‘ಒಳ್ಳೆಯದು’ ಎನ್ನುವ ಎಚ್‌ಡಿಎಲ್ ಕೂಡ ಶೇ. 11 ಏರಿತ್ತು. ಹಾಗಾಗಿ ‘ಒಳ್ಳೆಯ ಕೊಲೆಸ್ಟ್ರಾಲ್ ಚೆನ್ನಾಗಿದೆ’ ಎಂದು ದಯವಿಟ್ಟು ನಿಶ್ಚಿಂತರಾಗಬೇಡಿ, ಎಲ್‌ಡಿಎಲ್ ನೋಡಿ.

ಇಂಜೆಕ್ಷನ್ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ರಾತ್ರಿ ಊಟದ ನಂತರ 9–12 ಗಂಟೆ ಉಪವಾಸವಿದ್ದು ಲಿಪಿಡ್ ಪ್ರೊಫೈಲ್ (ಕೊಲೆಸ್ಟ್ರಾಲ್ ಪರೀಕ್ಷೆ), ಜೊತೆಗೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) ಮಾಡಿಸಿ, ರಕ್ತದೊತ್ತಡವನ್ನೂ ಬರೆದಿಡಿ. ಮಂಗಳೂರಿನ ಕ್ಯಾನ್ಸರ್ ವೈದ್ಯರು ಒಬ್ಬರು, ಊರಿನ ಡಾಕ್ಟರು ಇನ್ನೊಬ್ಬರು ಆಗಿದ್ದರೆ ಎರಡೂ ಚೀಟಿ ಇಬ್ಬರಿಗೂ ತೋರಿಸಿ. ಮುಂದೆ ಪ್ರಾಸ್ಟೇಟ್ ಕ್ಯಾನ್ಸರಿಗೇ ಕೊಡುವ ಎನ್‌ಜಲುಟಮೈಡ್ ಮಾತ್ರೆ ಸೇರಿದರೆ ಅದು ಕೊಲೆಸ್ಟ್ರಾಲ್ ಇಳಿಸುವ ಅಟೊರ್ವಾಸ್ಟಾಟಿನ್‌ನ ಬಲ ಕುಗ್ಗಿಸಬಲ್ಲದು. ಇದು ಸುಲಭವಾಗಿ ತಪ್ಪಿಹೋಗುವ ವಿಷಯ.

ಅಡುಗೆಯಲ್ಲಿ ತೆಂಗಿನೆಣ್ಣೆ ಪೂರ್ತಿ ಬಿಡಬೇಕಿಲ್ಲ, ಒಗ್ಗರಣೆಗೆ ಒಂದು ಚಮಚ ಸಾಕು. ಎಲ್‌ಡಿಎಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬು ಅದರಲ್ಲಿ ಬಹಳ. ಬೂತಾಯಿ, ಬಂಗುಡೆ ತಿನ್ನುವವರಾದರೆ ಹುರಿಯದೆ ಸಾರು ಮಾಡಿ. ಕುಚ್ಚಲಕ್ಕಿ ಅನ್ನದ ಪ್ರಮಾಣ ಇಳಿಸಿದರೆ ಟ್ರೈಗ್ಲಿಸರೈಡ್‌ಗೆ ಅನುಕೂಲ. ವಾರಕ್ಕೆ 150 ನಿಮಿಷ ಬಿರುಸು ನಡಿಗೆ, ಎರಡು ದಿನ ಭಾರ ಎತ್ತುವ ವ್ಯಾಯಾಮ ಇರಲಿ. ಮೂಳೆಗೆ ಕ್ಯಾನ್ಸರ್ ಹರಡಿದ್ದರೆ ಭಾರ ಎತ್ತುವ ಮೊದಲು ವೈದ್ಯರನ್ನು ಕೇಳಿ.