ಪ್ರತಿಕ್ರಿಯೆ: ಬೆಳೆಗೆ ಎಣ್ಣೆ (ಕೀಟನಾಶಕ) ಹೊಡೆದು ಬಂದ ತಮ್ಮನಿಗೆ ಜೊಲ್ಲು, ಬೆವರು, ಕಣ್ಣು ಮಂಜು

ನಿಮ್ಮ ತಮ್ಮನಿಗೆ ಆಗಿರುವುದು ಬಿಸಿಲಿನ ಹೊಡೆತಕ್ಕಿಂತ ಕೀಟನಾಶಕದ ವಿಷಬಾಧೆ ಇರುವ ಸಾಧ್ಯತೆಯೇ ಹೆಚ್ಚು. ಪುಣೆ ಜಿಲ್ಲೆಯ ನಾರಾಯಣಗಾಂವ್‌ನ ಟೊಮೆಟೊ ತೋಟದಲ್ಲಿ ಬೆಳೆಗೆ ಎಣ್ಣೆ ಹೊಡೆದು ಬಂದ ತಮ್ಮನಿಗೆ ಜೊಲ್ಲು, ಬೆವರು, ವಾಂತಿ, ಕಣ್ಣು ಮಂಜು ಅಂತ ಬರೆದಿದ್ದೀರಿ. ಆರ್ಗನೋಫಾಸ್ಫೇಟ್ ಎಂಬ ಕೀಟನಾಶಕ ಗುಂಪಿನ ಔಷಧಿ ಚರ್ಮದಿಂದ ಒಳಹೋದರೂ ಹೀಗಾಗುತ್ತದೆ, ಕುಡಿದೇ ಇರಬೇಕೆಂದಿಲ್ಲ. ಡಬ್ಬಿ ನೋಡದೆ ಯಾವ ಔಷಧಿ ಎಂದು ಖಚಿತವಾಗಿ ಹೇಳಲಾಗದು. ಆದರೆ ಅದಕ್ಕಾಗಿ ಕಾಯಬೇಡಿ.

ಮೊದಲು 108ಕ್ಕೆ ಫೋನ್ ಮಾಡಿ. ಗಾಡಿ ಬರುವಷ್ಟರಲ್ಲಿ ಅವನ ಬಟ್ಟೆಯನ್ನೆಲ್ಲ ತೆಗೆದು, ಕೂದಲು, ಕಂಕುಳು, ಉಗುರಿನ ಸಂದಿ ಬಿಡದೆ ಸೋಪು ಹಚ್ಚಿ ಧಾರಾಳ ನೀರಲ್ಲಿ ತೊಳೆಯಿರಿ. ತೊಳೆಯುವವರು ಕೈಗವಸು ಅಥವಾ ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳಲಿ. ಹಾಲು, ಉಪ್ಪುನೀರು ಕುಡಿಸಬೇಡಿ, ವಾಂತಿ ಮಾಡಿಸಬೇಡಿ. ಎಚ್ಚರ ತಪ್ಪುತ್ತಿದ್ದರೆ ಮಗ್ಗುಲಾಗಿ ಮಲಗಿಸಿ.

ಔಷಧಿ ಡಬ್ಬಿ, ಇಲ್ಲವೇ ಅದರ ಲೇಬಲ್ಲಿನ ಫೋಟೊ ಜೊತೆಗಿರಲಿ. ಮರಾಠಿ ಬಾರದಿದ್ದರೆ "ಫವಾರಣಿ ಕರತಾನಾ ವಿಷಬಾಧಾ ಝಾಲೀ" (ಔಷಧಿ ಹೊಡೆಯುವಾಗ ವಿಷಬಾಧೆ ಆಯಿತು) ಅನ್ನಿ, ಸಾಕು. ಪೊಲೀಸ್ ಕೇಸಿಗೆ ಹೆದರಿ ವಿಷಯ ಮುಚ್ಚಿಡಬೇಡಿ, ದಯವಿಟ್ಟು. ಇಂಥದ್ದಕ್ಕೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸಲು ಆಸ್ಪತ್ರೆ ಮಾಡುವ ದಾಖಲೆ) ಬರೆದುಕೊಳ್ಳುವುದು ವಾಡಿಕೆ. ಹತ್ತಿರದ ಆಸ್ಪತ್ರೆಯಲ್ಲೇ ಅಟ್ರೋಪಿನ್ (ಈ ವಿಷಕ್ಕೆ ಕೊಡುವ ಪ್ರತಿವಿಷ) ಶುರುವಾಗಲಿ, ವೆಂಟಿಲೇಟರ್ ಬೇಕೆಂದರೆ ಪುಣೆಯ ಸರ್ಕಾರಿ ಆಸ್ಪತ್ರೆ ಸಸೂನ್‌ಗೆ ಕಳಿಸಲು ಕೇಳಿ. ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117, ವೈದ್ಯರೂ ಇಲ್ಲಿ ಕೇಳಬಹುದು.

ಸಂಜೆಗೆ ಹುಷಾರಾದ ಅಂತ ಮನೆಗೆ ಕರೆತರಬೇಡಿ. 1ರಿಂದ 4 ದಿನದೊಳಗೆ ಕತ್ತು ಎತ್ತಲಾಗದೆ ಉಸಿರು ಸೋಲುವುದುಂಟು. ಬಿಡುಗಡೆಗೆ ಮುಂಚೆ ಕೋಲಿನೆಸ್ಟರೇಸ್ (ಈ ವಿಷದಿಂದ ಕುಗ್ಗುವ ಕಿಣ್ವ) ರಕ್ತಪರೀಕ್ಷೆ ಕೇಳಿ. ಅದು ಸರಿಹೋಗಲು ವಾರಗಳೇ ಬೇಕು, ಅಲ್ಲಿಯವರೆಗೆ ಮುಕಾದಮ್ (ಕೂಲಿ ಮೇಸ್ತ್ರಿ) ಎಷ್ಟೇ ಕರೆದರೂ ಔಷಧಿ ಪಂಪು ಹೊರಿಸಬೇಡಿ.