ದೇವರನ್ನೇ ನಂಬಲ್ಲ, ಮತ್ತೆ ಅಡ್ವಾನ್ಸ್ ಯಾಕೆ ವಾಪಸ್ ಕೊಡಬೇಕು?

ಪ್ರಶ್ನೆ: ವಿಜಯನಗರದಲ್ಲಿ ನಮ್ಮದೊಂದು ಮನೆ ಇದೆ. ಅಪ್ಪ ಹೋದ ಮೇಲೆ ಬಾಡಿಗೆ ವ್ಯವಹಾರ ನಾನೇ ನೋಡಿಕೊಳ್ಳುತ್ತೇನೆ. ಮೇಲಿನ ಮನೆಯ ಹುಡುಗರು ಖಾಲಿ ಮಾಡುತ್ತಿದ್ದಾರೆ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯಬಹುದು ಅಂತ ಅಗ್ರಿಮೆಂಟಿನಲ್ಲಿದೆ. ‘ಎರಡು ತಿಂಗಳದ್ದು ಹಿಡ್ಕೋ, ಬಿಲ್ ನಾನು ಮಾಡಿಸಿ ಕೊಡ್ತೀನಿ’ ಅಂತಾರೆ ಭಾವ. ತಪ್ಪಲ್ವಾ ಅಂದೆ. ‘ದೇವರು, ಕರ್ಮ ಯಾವುದನ್ನೂ ನಂಬದವನು ನೀನು. ನಿನಗೆ ತಪ್ಪು ಸರಿ ಎಲ್ಲಿಂದ ಬಂತು? ಎಲ್ಲಾ ಜನ ಮಾಡ್ಕೊಂಡಿದ್ದು’ ಅಂದರು. ಉತ್ತರ ಹೊಳೆಯಲಿಲ್ಲ. ನಾನು ನಂಬಿದ್ದಕ್ಕೆ ಬುಡವೇ ಇಲ್ಲವಾ?

ಉತ್ತರ: ನಿಮ್ಮ ಭಾವ ಚುರುಕಿನವರು! ಈ ಪ್ರಶ್ನೆಯ ಮೇಲೆ ಘಟಾನುಘಟಿಗಳೇ ಇನ್ನೂ ಜಗಳಾಡುತ್ತಿದ್ದಾರೆ. ಉತ್ತರ ಹೊಳೆಯಲಿಲ್ಲ ಅಂತ ನಾಚಿಕೆ ಬೇಡ.

ಆದರೆ ದೇವರನ್ನು ನಂಬಿದರೆ ತೊಡಕು ಬಿಡಿಸಿಹೋಗುತ್ತದೆ ಅನ್ನುವುದು ಸುಳ್ಳು. ಪ್ಲೇಟೋ ಬರೆದ ಸಂವಾದವೊಂದರಲ್ಲಿ ಸಾಕ್ರಟೀಸ್ ಕೇಳುತ್ತಾನೆ: ದೇವರುಗಳು ಮೆಚ್ಚುವುದರಿಂದ ಅದು ಪುಣ್ಯದ ಕೆಲಸವೋ, ಪುಣ್ಯದ ಕೆಲಸ ಅಂತಲೇ ಅವರು ಮೆಚ್ಚುವುದೋ? ಮೊದಲನೆಯದಾದರೆ, ದೇವರು ನಾಳೆ ಮೋಸವನ್ನು ಮೆಚ್ಚಿದರೆ ಅದೂ ಪುಣ್ಯವೇ. ಎರಡನೆಯದಾದರೆ, ಕಾರಣ ಬೇರೆಲ್ಲೋ ಇದೆ. ವಿಜ್ಞಾನವನ್ನು ಕೇಳೋಣ ಅಂದರೆ ಅಲ್ಲೂ ಕಷ್ಟ. ಲೋಕ ಹೇಗಿದೆ ಅಂತಷ್ಟೇ ಅದು ಹೇಳುತ್ತದೆ. ‘ಹೀಗಿದೆ’ ಅನ್ನುವುದರಿಂದ ‘ಹೀಗಿರಬೇಕು’ ಅನ್ನುವುದಕ್ಕೆ ಜನ ಸದ್ದಿಲ್ಲದೆ ಜಿಗಿಯುತ್ತಾರೆ ಅಂತ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1740ರಲ್ಲೇ ತಕರಾರು ತೆಗೆದಿದ್ದ. ಇನ್ನೊಬ್ಬ ತತ್ವಜ್ಞಾನಿ ಜೆ. ಎಲ್. ಮ್ಯಾಕಿ 1977ರ ಪುಸ್ತಕವೊಂದರಲ್ಲಿ, ನಮ್ಮನ್ನು ಬಿಟ್ಟು ತಾನಾಗಿ ನಿಂತಿರುವ ಮೌಲ್ಯಗಳೇ ಇಲ್ಲ ಅಂದುಬಿಟ್ಟ. ತಮಾಷೆ ಅಂದರೆ, ಅದೇ ಪುಸ್ತಕದಲ್ಲಿ ಮುಂದೆ ಹೇಗೆ ಬದುಕಬೇಕು ಅಂತಲೂ ಬರೆದ. ಬುಡ ಇಲ್ಲ ಅಂದಮಾತ್ರಕ್ಕೆ ಏನು ಮಾಡಿದರೂ ನಡೆಯುತ್ತದೆ ಅಂತ ಅವನಿಗೆ ಅನಿಸಲಿಲ್ಲ.

ನನಗೂ ಅನಿಸುವುದಿಲ್ಲ. ಸಮರ್ಥನೆ ಅಂದರೆ ಲೋಕದ ತಳದಲ್ಲಿ ಎಲ್ಲೋ ಹೂತಿಟ್ಟ ವಸ್ತುವಲ್ಲ. ಯಾರಿಗೆ ನಷ್ಟವೋ ಅವರ ಮುಂದೆ ಕೂತು ಹೇಳಬಹುದಾದ ಕಾರಣ. ಒಂದು ತಿಂಗಳದ್ದು ಹಿಡಿದರೆ ‘ಅಗ್ರಿಮೆಂಟಿನಲ್ಲಿದೆ, ನೀವೂ ಒಪ್ಪಿದ್ದಿರಿ’ ಅಂತ ಆ ಹುಡುಗರಿಗೆ ಹೇಳಬಹುದು. ಎರಡನೇ ತಿಂಗಳಿಗೆ ಏನು ಹೇಳುತ್ತೀರಿ? ಏನೂ ಇಲ್ಲ. ಅದಕ್ಕೇ ಅಲ್ವಾ ಸುಳ್ಳು ಬಿಲ್ ಬೇಕಾಗಿದ್ದು? ಸರಿ ತಪ್ಪು ಬರೀ ಅಭಿಪ್ರಾಯ ಆಗಿದ್ದರೆ ಭಾವ ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಡಬಹುದಿತ್ತು.

‘ಜನ ಮಾಡ್ಕೊಂಡಿದ್ದು’ ಅನ್ನುವ ಮಾತಲ್ಲಿ ಅರ್ಧ ನಿಜ ಇದೆ. ಅಡ್ವಾನ್ಸ್ ಎಷ್ಟು ಅನ್ನುವುದು ಜನ ಮಾಡಿಕೊಂಡಿದ್ದೇ. ಬೆಂಗಳೂರಲ್ಲಿ ಹತ್ತು ತಿಂಗಳದ್ದು ಕೇಳಿದ್ದನ್ನು ನಾವೆಲ್ಲ ಕಂಡಿದ್ದೇವೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಅನ್ನುತ್ತದೆ. ಮನೆ ಕೊಡುವ ಮೊದಲು ಜಾತಿ ಕೇಳುವುದೂ ಈ ಊರಿನ ವಾಡಿಕೆಯೇ. ಹಾಗಂತ ಅದು ಸರಿಯಾಗಿಬಿಡಲಿಲ್ಲ. ಮನೆ ಸಿಗದೆ ವಾಪಸ್ ಹೋದವರನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ.

ಯಾರ ಗೊಡವೆಯೂ ಬೇಡ ಅನ್ನುವವನನ್ನು ಈ ವಾದ ಕಟ್ಟಿಹಾಕುವುದಿಲ್ಲ. ಒಪ್ಪುತ್ತೇನೆ. ಆದರೆ ಕಲ್ಲಿನಲ್ಲಿ ಕೆತ್ತಿದ ನಿಯಮವೇ ಸಿಕ್ಕಿದರೂ ಅಂಥವನು ‘ಆದರೇನು?’ ಅನ್ನುತ್ತಾನೆ.

ಭಾವನ ಜೊತೆ ದೇವರ ಚರ್ಚೆ ಬೇಡ. ಅಕ್ಕನಿಗೆ ಸುಮ್ನೆ ತಲೆನೋವು. ‘ಬಿಲ್ ಮಾಡಿಸೋದು ಬೇಡ ಭಾವ, ಒಂದು ತಿಂಗಳದ್ದೇ ಹಿಡೀತೀನಿ’ ಅಷ್ಟೇ ಹೇಳಿ. ಬೀಗದ ಕೈ ತಗೊಂಡ ದಿನವೇ ಬಾಕಿ ದುಡ್ಡು ಅವರ ಅಕೌಂಟಿಗೆ ಹಾಕಿ, ಒಂದು ರಸೀದಿ ಬರೆಸಿಕೊಳ್ಳಿ.