ವಾರಕ್ಕೊಂದು ಹಾಡು, ಪಾಂಡವಪುರದಿಂದ ಶ್ರೀರಂಗಪಟ್ಟಣದವರೆಗೆ

"ವಾರಕ್ಕೊಂದು ಇಷ್ಟದ ಹಾಡನ್ನು ಯಾರ ಜೊತೆಗಾದರೂ ಹಂಚಿಕೊಳ್ಳುತ್ತೀರಾ? ಆ ಹಾಡು ನಿಮಗೆ ಯಾಕೆ ಮುಖ್ಯ?" ಅಂತ ಕೇಳಿದ್ದೀರಿ.

ಹಂಚಿಕೊಳ್ಳುತ್ತೇನೆ. ಮನೆಯಲ್ಲಲ್ಲ, ರೈಲಿನಲ್ಲಿ.

ನನ್ನ ಮನೆ ಮೈಸೂರು, ಕೆಲಸ ಮಂಡ್ಯದಲ್ಲಿ. ಸುಮಾರು 45 ಕಿಲೋಮೀಟರ್ ದಾರಿ, ತಿಂಗಳ ಪಾಸ್. ಸಂಜೆ ವಾಪಸ್ ಬರುವಾಗ ಒಂದೇ ಬೋಗಿ ಹತ್ತುವವರು ನಾವು ಐದು ಜನ. ಒಬ್ಬರು ಹೈಸ್ಕೂಲ್ ಮೇಷ್ಟ್ರು, ಒಬ್ಬರು ಕೋರ್ಟಿನ ಗುಮಾಸ್ತರು, ಒಬ್ಬ ಮೊಬೈಲ್ ಅಂಗಡಿ ಹುಡುಗ, ಕಿಕ್ಕೇರಿ ಕಡೆಯ ಒಬ್ಬರು ನರ್ಸ್ ಅಕ್ಕ, ಮತ್ತೆ ನಾನು. ಮೊದಲೆಲ್ಲ ರಾಜಕೀಯ ಮಾತಾಡುತ್ತಿದ್ದೆವು. ಒಂದು ಎಲೆಕ್ಷನ್ ಹೊತ್ತಿನಲ್ಲಿ ಮಾತು ಬೆಳೆದು, ಇಬ್ಬರು ಎದುರು ಬದುರು ಕೂತೂ ಮುಖ ನೋಡದ ಹಾಗೆ ಆಯಿತು. ಆಗ ಮೇಷ್ಟ್ರು, "ಶುಕ್ರವಾರ ಒಂದಿನ ಬಾಯಿ ಮುಚ್ಕೊಂಡು ಹಾಡು ಕೇಳೋಣ" ಅಂದರು. ಹಾಗೆ ಶುರುವಾಯಿತು.

ವಾರಕ್ಕೆ ಒಬ್ಬರ ಸರದಿ, ಒಂದೇ ಹಾಡು. ಹಾಡು ಮುಗಿದ ಮೇಲೆ ಕಾರಣ ಹೇಳಬೇಕು. ಪಾಂಡವಪುರ ಬಿಟ್ಟ ಮೇಲೆ ಶುರು ಮಾಡಿ ಶ್ರೀರಂಗಪಟ್ಟಣ ಬರುವುದರೊಳಗೆ ಮುಗಿಸಬೇಕು. ನಡುವೆ ಕಾವೇರಿ ಸೇತುವೆ ಬರುತ್ತದೆ. ಆ ಸದ್ದಿನಲ್ಲಿ ಏನೂ ಕೇಳಿಸಲ್ಲ, ಹಾಗಾಗಿ ಹೇಳುವವರು ಅಲ್ಲಿ ಸ್ವಲ್ಪ ನಿಲ್ಲಿಸುತ್ತಾರೆ. "ಚೆನ್ನಾಗಿದೆ, ಅದಕ್ಕೆ" ಅನ್ನುವ ಕಾರಣ ನಡೆಯಲ್ಲ.

ಆಮೇಲೆ ಇನ್ನೊಂದು ನಿಯಮ ಸೇರಿತು. ಒಂದೇ ಪಿಕ್ಚರಿನ ಎರಡನೇ ಹಾಡನ್ನು ಅದೇ ವ್ಯಕ್ತಿ ತರುವಂತಿಲ್ಲ. ಇದನ್ನು ಮಾಡಿದ್ದೇ ಗುಮಾಸ್ತರ ಕಾಟಕ್ಕೆ. ಅವರು ಅಣ್ಣಾವ್ರ ಭಕ್ತರು. ಮೊದಲ ಸರದಿಗೆ ತಂದದ್ದು 1974ರ 'ಸಂಪತ್ತಿಗೆ ಸವಾಲ್' ಚಿತ್ರದ ಎಮ್ಮೆ ಹಾಡು, 'ಯಾರೇ ಕೂಗಾಡಲಿ'. ಅಲ್ಲಿಯವರೆಗೆ ರಾಜ್‌ಕುಮಾರ್‌ಗೆ ಹೆಚ್ಚಾಗಿ ಹಾಡುತ್ತಿದ್ದವರು ಪಿ.ಬಿ. ಶ್ರೀನಿವಾಸ್. ಈ ಹಾಡು ಗೆದ್ದ ಮೇಲೆ ಅಣ್ಣಾವ್ರೇ ತಮ್ಮ ಹಾಡು ಹಾಡಲು ಶುರು ಮಾಡಿದರು. ಇದೆಲ್ಲ ನಮಗೂ ಗೊತ್ತಿತ್ತು. ಕಾರಣ ಏನು ಅಂದರೆ, "ಆಫೀಸಲ್ಲಿ ಸಾಹೇಬ್ರು ಕೂಗಾಡುವಾಗ ಮನಸ್ಸಲ್ಲೇ ಇದನ್ನ ಹಾಡ್ಕೋತೀನಿ, ಬಿಪಿ ಏರಲ್ಲ" ಅಂದರು. ಒಪ್ಪಿಕೊಂಡೆವು.

ಹುಡುಗ ತರುವ ಹಾಡುಗಳಲ್ಲಿ ಅರ್ಧ ನನ್ನ ತಲೆಗೆ ಹೋಗಲ್ಲ. ಆದರೆ ಅವನ ಕಾರಣಗಳು ಚೆನ್ನಾಗಿರುತ್ತವೆ. ಒಂದು ಹಾಡು ಅವನ ಬೈಕಿನ ಕೊನೇ ಕಂತು ಕಟ್ಟಿದ ದಿನದ್ದು.

ನನ್ನನ್ನು ಅಲ್ಲಾಡಿಸಿದ್ದು ನರ್ಸ್ ಅಕ್ಕನ ಸರದಿ. ಕೆ.ಎಸ್. ನರಸಿಂಹಸ್ವಾಮಿ ಅವರೂರಿನವರು, ಕಿಕ್ಕೇರಿ. 1942ರಲ್ಲಿ ಬಂದ 'ಮೈಸೂರು ಮಲ್ಲಿಗೆ'ಯಲ್ಲಿ ಬಳೆಗಾರ ಚೆನ್ನಯ್ಯ ನವಿಲೂರಿನ ಮನೆಯಿಂದ ಸುದ್ದಿ ತರುತ್ತಾನಲ್ಲ, ಅದನ್ನು ತಂದಿದ್ದರು. ಊರಿನ ಅಭಿಮಾನದ ಮಾತು ಬರುತ್ತೆ ಅಂದುಕೊಂಡು ಕೂತಿದ್ದೆ. ಅವರ ಅಪ್ಪ ಜಾತ್ರೆ ಜಾತ್ರೆಗೆ ಬಳೆ ಮಲಾರ ಹೊತ್ತು ಹೋಗುತ್ತಿದ್ದವರಂತೆ. "ಹಾಡಲ್ಲಿ ಬಳೆಗಾರ ಎಲ್ಲರ ಮನೆ ಸುದ್ದಿ ತತ್ತಾನೆ. ಅವನ ಮನೇಲಿ ಏನಾಯ್ತು ಅಂತ ಯಾರೂ ಕೇಳಕ್ಕಿಲ್ಲ. ಅದಕ್ಕೆ ಈ ಹಾಡು ಬಂದ್ರೆ ನಾನು ಕೇಳ್ತೀನಿ" ಅಂದರು. ಅಷ್ಟೇ ಹೇಳಿದ್ದು. ಶ್ರೀರಂಗಪಟ್ಟಣ ಇನ್ನೂ ಬಂದಿರಲಿಲ್ಲ. ನಾವು ಐವರೂ ಸುಮ್ನೆ ಕಿಟಕಿ ಆಚೆ ನೋಡುತ್ತಾ ಕೂತೆವು.

ಅದಾದ ಮೇಲೆ ಸುಮ್ನೆ ಬಾಯಿಗೆ ಬಂದ ಕಾರಣ ಹೇಳುವುದಕ್ಕೆ ನನಗೆ ನಾಚಿಕೆಯಾಯಿತು. ಮುಂದಿನ ಸರದಿಗೆ 'ಬಾನಲ್ಲು ನೀನೆ' ತಗೊಂಡು ಹೋದೆ. 1976ರ 'ಬಯಲು ದಾರಿ', ಎಸ್. ಜಾನಕಿ ಹಾಡಿದ್ದು, ಸಂಗೀತ ನಮ್ಮ ಮೈಸೂರಿನ ಅಣ್ಣತಮ್ಮಂದಿರು ರಾಜನ್-ನಾಗೇಂದ್ರ ಅವರದು.

ಕಾರಣ ಇದು. ನಾವು ಆಗ ಒಂಟಿಕೊಪ್ಪಲಿನ ಒಂದು ವಠಾರದಲ್ಲಿದ್ದೆವು. (ರೇಡಿಯೋ ವಿಷಯದಲ್ಲಿ ಆ ಏರಿಯಾದವರಿಗೆ ಸ್ವಲ್ಪ ಜಂಬ ಜಾಸ್ತಿ. 1935ರಲ್ಲಿ ಮಹಾರಾಜಾ ಕಾಲೇಜಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದ್ದು ಅಲ್ಲೇ. ಆಕಾಶವಾಣಿ ಅನ್ನುವ ಹೆಸರು ದೇಶಕ್ಕೆಲ್ಲ ಹೋಗಿದ್ದೂ ಆ ಕೇಂದ್ರದಿಂದ.) ಅಮ್ಮ ತಿಂಗಳಿಗೊಂದು 15 ಪೈಸೆ ಕಾರ್ಡು ಹಾಕುತ್ತಿದ್ದಳು, ಕೋರಿಕೆ ಕಾರ್ಯಕ್ರಮಕ್ಕೆ. ಅಪ್ಪನ ಹೆಸರು, ತನ್ನ ಹೆಸರು, ನಮ್ಮಿಬ್ಬರು ಮಕ್ಕಳ ಹೆಸರು ದುಂಡಗೆ ಬರೆಯುತ್ತಿದ್ದಳು. ವಠಾರದಲ್ಲಿ ಬೇರೆಯವರ ಹೆಸರೆಲ್ಲ ಬಂತು, ಅವಳದು ಬರಲಿಲ್ಲ.

ನಾನು ಐದನೇ ಕ್ಲಾಸು. ಒಂದು ಮಧ್ಯಾಹ್ನ ಪಕ್ಕದ ಮನೆ ಹುಡುಗನ ಆಟದ ಕಾರು ಓಡಿಸೋಕೆ ಅಂತ ರೇಡಿಯೋದ ಎರಡೂ ಸೆಲ್ ತೆಗೆದುಕೊಂಡಿದ್ದೆ. ಅದೇ ಹೊತ್ತಿಗೆ ಎದುರು ಮನೆಯವರು ಓಡಿ ಬಂದು "ನಿಮ್ಮ ಹೆಸರು ಹೇಳಿದ್ರು ಕಣ್ರೀ, ಬೇಗ ಹಾಕಿ" ಅಂದರು. ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ರೇಡಿಯೋ ಕಿವಿ ತಿರುಗಿಸಿದಳು. ಸದ್ದಿಲ್ಲ. ನಾನು ಮೆಟ್ಟಿಲ ಕೆಳಗೆ ಕಾರು ಹಿಡಿದುಕೊಂಡು ಕೂತಿದ್ದೆ. ರಾತ್ರಿ ಕಳ್ಳನ ಹಾಗೆ ಸೆಲ್ ವಾಪಸ್ ಹಾಕಿದೆ. ಬೆಳಗ್ಗೆ ಅಮ್ಮ, ಸೆಲ್ ವೀಕಾಗಿದೆ ಅಂದುಕೊಂಡು, ತೆಗೆದು ಬಿಸಿಲಿಗೆ ಇಟ್ಟಳು. ಆ ಎರಡು ಸೆಲ್ಲು ಅಂಗಳದ ಕಟ್ಟೆ ಮೇಲೆ ಇದ್ದದ್ದು ಈಗಲೂ ಕಣ್ಣ ಮುಂದಿದೆ. ಅವತ್ತು ಬಂದ ಹಾಡು ಇದು ಅಂತ ಎದುರು ಮನೆಯವರು ಹೇಳಿದ್ದರು.

ಇದನ್ನು ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ. ರೈಲಿನಲ್ಲಿ ಹೇಳಿದೆ. ಹೇಳಿ ಮುಗಿಸುವಾಗ ಶ್ರೀರಂಗಪಟ್ಟಣ ದಾಟಿ ನಾಗನಹಳ್ಳಿ ಬಂದಿತ್ತು. ಯಾರೂ ಟೈಮ್ ಆಯಿತು ಅನ್ನಲಿಲ್ಲ.

ಇಳಿಯುವಾಗ ಮೇಷ್ಟ್ರು, "ನಮಗೆ ಹೇಳಿದ್ರಿ, ಅವರಿಗೆ ಯಾವಾಗ ಹೇಳ್ತೀರಿ?" ಅಂದರು. ಅಮ್ಮ ಈಗ ತಮ್ಮನ ಜೊತೆ ಬೆಂಗಳೂರಲ್ಲಿದ್ದಾಳೆ. ಅವತ್ತೇ ರಾತ್ರಿ ಫೋನ್ ಮಾಡಿ ಎಲ್ಲ ಹೇಳಿದೆ.

"ಸೆಲ್ಲು ಮೂರು ದಿನ ಬಿಸಿಲಿಗೆ ಇಟ್ಟಿದ್ದೆ ಕಣೋ" ಅಂದಳು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಯಾವ ಹಾಡು ಅಂದೆ? ನಾನೆಲ್ಲಿ ಅದನ್ನ ಕೇಳಿದ್ದೆ! ನಾನು ಬರೆದಿದ್ದು 'ಎಲ್ಲಿರುವೆ, ಮನವ ಕಾಡುವ ರೂಪಸಿಯೆ' ಅಂತ. ಎಸ್ಪಿಬಿದು. ಎದುರು ಮನೆಯವ್ರು ಯಾವಾಗ್ಲೂ ಹಂಗೇ, ಒಂದು ಕೇಳಿ ಇನ್ನೊಂದು ಹೇಳೋರು."

ಅದೂ 'ಬಯಲು ದಾರಿ'ದೇ. ಅಂದರೆ ಇಷ್ಟು ವರ್ಷ ನಾನು ಬೇಜಾರು ಮಾಡಿಕೊಂಡಿದ್ದು ಬೇರೆ ಹಾಡಿಗೆ.

ನಿಮಗೂ ಶುರು ಮಾಡುವ ಮನಸ್ಸಿದ್ದರೆ ನನ್ನದೊಂದು ಮಾತು: ದಿನಕ್ಕೆ ಹತ್ತು ಲಿಂಕ್ ಕಳಿಸಬೇಡಿ, ಯಾರೂ ಕೇಳಲ್ಲ. ವಾರಕ್ಕೆ ಒಂದೇ ಸಾಕು. ಆದಷ್ಟೂ ಎದುರಿಗೆ ಕೂತು ಕೇಳಿ.

ನನ್ನ ಸರದಿ ಮತ್ತೆ ಬರೋಕೆ ಇನ್ನೂ ಮೂರು ವಾರ ಇದೆ. ಅಮ್ಮ ಬರೆದಿದ್ದ ಹಾಡನ್ನೇ ತರುತ್ತೇನೆ ಅಂತ ಹೇಳಿಟ್ಟಿದ್ದೇನೆ. ಒಂದೇ ಪಿಕ್ಚರಿನ ಎರಡನೇ ಹಾಡು ತರುವಂತಿಲ್ಲ, ರೂಲ್ ಅಂದ್ರೆ ರೂಲು ಅಂತ ಗುಮಾಸ್ತರು ಈಗಲೇ ತಕರಾರು ತೆಗೆದಿದ್ದಾರೆ.